ಅರ್ಧಕ್ಕೆ ನಿಂತ ಕೋವಿ

ಪೆನ್ಸಿಲ್ವೇನಿಯಾದ ಬಕ್ಸ್ ಕೌಂಟಿಯಲ್ಲಿ ಹಳೆಯದೊಂದು ಕಲ್ಲುಗೋಡೆಯ ಮನೆ. ಅದರ ಹಿತ್ತಲಲ್ಲಿ ಒಂದು ಕಾಲಕ್ಕೆ ಕುದುರೆ ಕಟ್ಟುತ್ತಿದ್ದ ಲಾಯ ಈಗ ಕೆಲಸದ ಮನೆಯಾಗಿದೆ. ಉತ್ತರ ದಿಕ್ಕಿಗೆ ಉದ್ದನೆಯ ಕಿಟಕಿ. ಬಿಸಿಲು ನೇರ ಬೀಳದೆ ದಿನವಿಡೀ ಒಂದೇ ಹದದ ಬೆಳಕು ಒಳಗೆ ಬರುತ್ತದೆ. ಕಿಟಕಿಯ ಕೆಳಗೆ ದಪ್ಪ ಹಲಗೆಯ ಬೆಂಚು. ಗೋಡೆಗೆ ಸಾಲಾಗಿ ಉಳಿಗಳು, ಒರಟು ಅರ, ನುಣುಪು ಅರ, ಕೀಸುಳಿ, ಕೈಬೈರಿಗೆ. ಗೂಡಿನಲ್ಲಿ ಅಗಸೆ ಎಣ್ಣೆಯ ಡಬ್ಬಿ. ನೆಲದ ತುಂಬ ಸುರುಳಿ ಸುರುಳಿಯಾಗಿ ಮರದ ಹೊಟ್ಟು. ಇವೆಲ್ಲದರ ನಡುವೆ, ಚರ್ಮದ ತುಂಡು ಸುತ್ತಿ ವೈಸಿಗೆ ಕಚ್ಚಿಸಿಟ್ಟ ಐದಡಿ ಉದ್ದದ ಕೋವಿ.

ಅದಿನ್ನೂ ಪೂರ್ತಿ ಕೋವಿಯಾಗಿಲ್ಲ. ಎಂಟು ಮುಖದ ಉಕ್ಕಿನ ನಳಿಗೆ ಮರದೊಳಗೆ ಕೂತಿದೆ. ಮದ್ದು ಕುಟ್ಟುವ ಗಜ ಸಿಕ್ಕಿಸುವ ತೂತು ಕೊರೆದಾಗಿದೆ. ಹಿಂಬದಿಯ ಹಿತ್ತಾಳೆ ಪಟ್ಟಿ ಬಿಗಿದಿದೆ. ಕಿಡಿ ಹಾರಿಸುವ ಬೀಗ ಕೂರಬೇಕಾದ ಜಾಗದಲ್ಲಿ ಮಾತ್ರ ಪೆನ್ಸಿಲ್ಲಿನ ಗೀಟುಗಳಿವೆ. ಗೀಟು ಎಳೆದು ಇಪ್ಪತ್ತು ವರ್ಷದ ಮೇಲಾಗಿದೆ. ಇಷ್ಟೂ ವರ್ಷ ಅದು ಉಣ್ಣೆಯ ಕಂಬಳಿಯಲ್ಲಿ ಸುತ್ತಿಸಿಕೊಂಡು ಇದೇ ಬೆಂಚಿನ ಕೆಳಗೆ ಮಲಗಿತ್ತು.

ಇದರ ಯಜಮಾನರು ನನ್ನ ನೆರೆಯವರು. ಎಪ್ಪತ್ತು ದಾಟಿದ ಗಟ್ಟಿ ಆಳು, ಕಾರ್ಖಾನೆಗಳಿಗೆ ಅಚ್ಚು ಮತ್ತು ಸಲಕರಣೆ ಮಾಡಿಕೊಡುವ ಕೆಲಸದಲ್ಲಿ ಬಾಳು ಕಳೆದವರು. ಮಕ್ಕಳ ಓದು, ಹೆಂಡತಿಯ ಕಾಯಿಲೆ, ಎರಡು ಪಾಳಿಯ ದುಡಿಮೆ ಎಲ್ಲ ಒಟ್ಟಿಗೆ ಬಂದಾಗ ಕೋವಿಯ ಕೆಲಸ ನಿಂತಿತು. ಬೇಟೆಗೆಂದು ಅವರೂ ಎಲ್ಲರಂತೆ ಅಂಗಡಿಯಿಂದ ಹೊಸ ನಮೂನೆಯ ಕೋವಿ ತಂದರು. ಅದಕ್ಕೂ ನಳಿಗೆಯ ಬಾಯಿಂದಲೇ ಮದ್ದು ತುಂಬಬೇಕು ಎನ್ನುವುದು ಬಿಟ್ಟರೆ ಉಳಿದದ್ದೆಲ್ಲ ಈ ಕಾಲದ್ದೇ. ಪ್ಲಾಸ್ಟಿಕ್ಕಿನ ಹಿಡಿ, ಮೇಲೊಂದು ದುರ್ಬೀನು, ಮಳೆ ಬಂದರೂ ತಪ್ಪದ ಈಡು. ಹೋದ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡರು. ಉಳಿಯ ಅಲಗು ಮತ್ತೆ ಸ್ಪಷ್ಟ ಕಂಡ ದಿನವೇ ಕಂಬಳಿ ಬಿಚ್ಚಿದರಂತೆ.

ಹೊಸನಗರದ ಕಡೆಯ ನನಗೆ ಕೋವಿ ಹೊಸದಲ್ಲ. ಮಲೆನಾಡಿನ ತೋಟದ ಮನೆಗಳಲ್ಲಿ ಬಾಗಿಲ ಹಿಂದೆ ಕೇಪಿನ ಕೋವಿ ಒರಗಿರುತ್ತಿತ್ತು. ಮಸಿ ಹಾಕಿ, ನಾರು ಜಡಿದು, ಚರೆ ಸುರಿದು, ಗಜದಿಂದ ಕುಟ್ಟುವುದನ್ನು ನೋಡಿಯೇ ನಾವು ಬೆಳೆದದ್ದು. ಆದರೆ ಆ ಕೋವಿಯನ್ನು ಒಬ್ಬ ಮನುಷ್ಯ ಕೂತು ಮಾಡಿರುತ್ತಾನೆ, ಅದಕ್ಕೊಂದು ಮರ ಆರಿಸಿರುತ್ತಾನೆ, ನಳಿಗೆಯನ್ನು ಕುಲುಮೆಯಲ್ಲಿ ಕಾಸಿರುತ್ತಾನೆ ಎಂಬ ಯೋಚನೆ ನಮಗ್ಯಾರಿಗೂ ಬಂದಿರಲಿಲ್ಲ. ಈ ಲಾಯದೊಳಗೆ ಕಾಲಿಟ್ಟ ಮೇಲೆ ಅದು ಬಂತು. ಅಂದಿನಿಂದ ಶನಿವಾರ ಬಂತೆಂದರೆ ನನ್ನ ಸವಾರಿ ಅಲ್ಲಿಗೆ.

ಬೆಂಚಿನ ಮೇಲಿರುವುದು ಈ ಸೀಮೆಯದೇ ಕೂಸಾದ ಲಾಂಗ್ ರೈಫಲ್. ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಯಿಂದ ವಲಸೆ ಬಂದು ಲ್ಯಾಂಕಸ್ಟರ್, ಬರ್ಕ್ಸ್, ನಾರ್ಥಾಂಪ್ಟನ್ ಸುತ್ತ ನೆಲೆಸಿದ ಕೋವಿ ಕಮ್ಮಾರರು ತಮ್ಮೊಂದಿಗೆ ಯೇಗರ್ ಎಂಬ ಗಿಡ್ಡ, ದಪ್ಪ ನಳಿಗೆಯ ಬೇಟೆ ಕೋವಿಯನ್ನು ತಂದರು. ಇಲ್ಲಿನ ಕಾಡು ಅದನ್ನು ಬದಲಾಯಿಸಿತು. ವಾರಗಟ್ಟಲೆ ಕಾಡಿನಲ್ಲಿರುವ ಬೇಟೆಗಾರನಿಗೆ ಮದ್ದು, ಸೀಸ ಎರಡೂ ಅಮೂಲ್ಯ. ಹಾಗಾಗಿ ನಳಿಗೆಯ ಒಳವ್ಯಾಸ ಕಿರಿದಾಯಿತು, ಉದ್ದ ನಲವತ್ತು ಅಂಗುಲ ದಾಟಿತು. ಆಕ್ರೋಟ್ ಮರದ ಬದಲು ಇಲ್ಲಿ ಧಾರಾಳವಾಗಿ ಸಿಗುವ ಮೇಪಲ್ ಬಂತು. ಹಿಡಿಯ ಬಲಗಡೆ ಕೀಲು ಮುಚ್ಚಳದ ಹಿತ್ತಾಳೆ ಪೆಟ್ಟಿಗೆ ಕೂತಿತು. ಆ ಮುಚ್ಚಳದ ಚಿತ್ತಾರ ನೋಡಿಯೇ ಬಲ್ಲವರು ಇದು ಲ್ಯಾಂಕಸ್ಟರಿನದು, ಇದು ಬಕ್ಸ್ ಕೌಂಟಿಯದು ಎಂದು ಹೇಳಿಬಿಡುತ್ತಾರೆ.

ನಳಿಗೆಯ ಒಳಗೋಡೆಗೆ ತಿರುಪು ತಿರುಪಾಗಿ ತೋಡು ಕೊರೆದಿರುವುದೇ ರೈಫಲ್ಲಿನ ಗುಟ್ಟು. ಸೀಸದ ಗುಂಡನ್ನು ಎಣ್ಣೆಯೋ ಕೊಬ್ಬೋ ಸವರಿದ ಬಟ್ಟೆಯ ತುಣುಕಿನಲ್ಲಿ ಸುತ್ತಿ ಒಳಗೆ ತಳ್ಳುತ್ತಾರೆ. ಬಟ್ಟೆ ಆ ತೋಡನ್ನು ಕಚ್ಚಿಕೊಳ್ಳುತ್ತದೆ. ಮದ್ದು ಸಿಡಿದಾಗ ಗುಂಡು ಬುಗುರಿಯಂತೆ ಸುತ್ತುತ್ತ ಹೊರಬೀಳುತ್ತದೆ, ಹಾಗೆ ಸುತ್ತುವುದರಿಂದಲೇ ದಾರಿ ತಪ್ಪುವುದಿಲ್ಲ. ಆ ಕಾಲದ ಸಿಪಾಯಿಗಳ ಕೈಲಿದ್ದ ಮಸ್ಕೆಟ್ಟಿನ ನಳಿಗೆ ಒಳಗೆ ನುಣುಪು. ಅದನ್ನು ಬೇಗ ತುಂಬಬಹುದು, ತುದಿಗೆ ಬಯೊನೆಟ್ ಸಿಕ್ಕಿಸಬಹುದು. ಆದರೆ ನೂರು ಗಜ ದಾಟಿದರೆ ಗುರಿಗೆ ಭರವಸೆಯಿಲ್ಲ. ರೈಫಲ್ ನಿಧಾನದ್ದು, ಬಯೊನೆಟ್ಟಿಗೆ ಒಗ್ಗದ್ದು. ಆದರೂ ಪಳಗಿದ ಕೈಯಲ್ಲಿ ಇನ್ನೂರು ಗಜದಾಚೆಯ ಮನುಷ್ಯನೂ ಸುರಕ್ಷಿತನಲ್ಲ. 1775ರ ಜೂನ್ 14ರಂದು ಅಮೆರಿಕದ ಕಾಂಗ್ರೆಸ್ ಬ್ರಿಟಿಷರ ವಿರುದ್ಧದ ತನ್ನ ಸೇನೆಗೆಂದು ಹತ್ತು ರೈಫಲ್ ತುಕಡಿಗಳನ್ನು ಕಟ್ಟಲು ಠರಾವು ಮಾಡಿದಾಗ ಅದರಲ್ಲಿ ಆರನ್ನು ಪೆನ್ಸಿಲ್ವೇನಿಯಾದಿಂದಲೇ ಕೇಳಿತು.

ಆ ರೈಫಲ್ಲುಗಳ ಕಥೆಯಲ್ಲಿ ನಮ್ಮವರ ಹೆಸರೊಂದು ಸೇರಿಕೊಂಡಿದೆ. ಬ್ರಿಟಿಷರ ವಿರುದ್ಧ ದಖ್ಖನಿನಲ್ಲಿ ಹೈದರ್ ಅಲಿ ಕಾದುತ್ತಿದ್ದ ಸುದ್ದಿ ಫಿಲಡೆಲ್ಫಿಯಾ ಮುಟ್ಟಿತ್ತು. ಡೆಲವೇರ್ ನದಿಯ ವ್ಯಾಪಾರ ಕಾಯಲು ಸಜ್ಜುಗೊಳಿಸಿದ ಹಡಗಿಗೆ ಇಲ್ಲಿನ ಜನ ‘ಹೈದರ್ ಅಲಿ’ ಎಂದೇ ಹೆಸರಿಟ್ಟಿದ್ದರು. 1782ರ ಏಪ್ರಿಲ್ 8ರಂದು ಜಾಶುವಾ ಬಾರ್ನಿ ಎಂಬ ಇಪ್ಪತ್ತೆರಡರ ಹರೆಯದ ಕಪ್ತಾನ ಆ ಹಡಗಿನಿಂದ, ತನಗಿಂತ ದೊಡ್ಡದಾದ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಅರ್ಧ ಗಂಟೆಯೊಳಗೆ ಸೆರೆಹಿಡಿದ. ಹಡಗಿನ ಮೇಲೆ ಬಕ್ಸ್ ಕೌಂಟಿಯಿಂದ ಹೋದ ರೈಫಲ್‌ಗಾರರಿದ್ದರು, ಅವರ ಗುರಿ ಎದುರು ಹಡಗಿನವರ ಧೃತಿಗೆಡಿಸಿತು ಎಂದು ಬಾರ್ನಿಯ ಜೀವನಚರಿತ್ರೆ ಹೇಳುತ್ತದೆ. ಫಿಲಿಪ್ ಫ್ರೆನೊ ಎಂಬ ಕವಿ ಈ ಗೆಲುವಿನ ಮೇಲೆ ಪದ್ಯವನ್ನೇ ಕಟ್ಟಿದ. ಅದೇ ವರ್ಷದ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಈ ಸಂಗತಿಯನ್ನು ನನಗೆ ಹೇಳಿದವರು ನೆರೆಮನೆಯ ಯಜಮಾನರೇ. ನೀವು ಮೈಸೂರು ಸೀಮೆಯವರಲ್ಲವೇ ಎಂದು ಕೇಳಿ, ಪುಸ್ತಕ ತೆಗೆದು ಪುಟ ತೋರಿಸಿದರು. ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಈಗ ಅವರ ಕೈಯಲ್ಲಿರುವುದು ಕೋವಿಯ ಬೀಗ, ಅಂದರೆ ಕುದುರೆ, ಸ್ಪ್ರಿಂಗು, ಬಟ್ಟಲು ಎಲ್ಲ ಜೋಡಿಸಿದ ಉಕ್ಕಿನ ತಟ್ಟೆ. ಕುದುರೆಯ ಬಾಯಲ್ಲಿ ಚರ್ಮದ ನಡುವೆ ಬಿಗಿದ ಚಕಮಕಿ ಕಲ್ಲು. ಮೀಟು ಎಳೆದರೆ ಕುದುರೆ ಮುಂದಕ್ಕೆ ಬಿದ್ದು ಕಲ್ಲು ಉಕ್ಕಿನ ನಾಲಗೆಯನ್ನು ಕೆರೆಯುತ್ತದೆ. ನಾಲಗೆ ಮುಂದಕ್ಕೆ ಬಾಗುತ್ತ ಕೆಳಗಿನ ಬಟ್ಟಲು ತೆರೆಯುತ್ತದೆ. ಕಿಡಿಗಳು ಅದರಲ್ಲಿರುವ ರಂಜಕ ಎಂಬ ಚಿಟಿಕೆ ಮದ್ದಿನ ಮೇಲೆ ಬಿದ್ದು, ಆ ಬೆಂಕಿ ನಳಿಗೆಯ ಕಿವಿ ಎಂಬ ಸಣ್ಣ ತೂತಿನ ಮೂಲಕ ಒಳಗಿನ ಮದ್ದಿಗೆ ದಾಟುತ್ತದೆ. ಕಿವಿ ಬಟ್ಟಲಿಗೆ ಸರಿಯಾಗಿ ಎದುರಾಗಿರಬೇಕು. ತೀರ ಕೆಳಗಾದರೆ ರಂಜಕ ಕಿವಿಯನ್ನು ಮುಚ್ಚಿ ಈಡು ತಡವಾಗುತ್ತದೆ. ಬಟ್ಟಲಷ್ಟೇ ಉರಿದು ನಳಿಗೆ ಸುಮ್ಮನುಳಿಯುವುದೂ ಉಂಟು. ಬೀಗ ಒಂದು ಕೂದಲೆಳೆ ಹಿಂದೆ ಮುಂದೆ ಕೂತರೂ ಆಮೇಲೆ ಸರಿಪಡಿಸುವುದು ಕಷ್ಟ.

ಕೂರಿಸುವ ಕ್ರಮ ಹೀಗಿದೆ. ದೀಪದ ಮಸಿಗೆ ಎಣ್ಣೆ ಕಲಸಿ ಕಾಡಿಗೆ ಮಾಡಿಕೊಂಡು, ಸಣ್ಣ ಕುಂಚದಲ್ಲಿ ತಟ್ಟೆಯ ಒಳಮೈಗೆಲ್ಲ ತೆಳ್ಳಗೆ ಬಳಿಯುತ್ತಾರೆ. ಮರದಲ್ಲಿ ತೋಡಿದ ಗುಳಿಯಲ್ಲಿ ಅದನ್ನಿಟ್ಟು ಅಂಗೈಯಿಂದ ಒತ್ತುತ್ತಾರೆ. ಮರದ ಸುತ್ತಿಗೆಯಿಂದ ಒಂದೇ ಒಂದು ಮೆದು ಏಟು. ನೇರ ಮೇಲಕ್ಕೆತ್ತಿದರೆ ಬಿಳಿಯ ಮರದಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆ. ಲೋಹ ತಾಗಿದ್ದು ಅಲ್ಲಿ ಮಾತ್ರ. ಉಳಿಯ ಅಂಚಿನಿಂದ ಆ ಚುಕ್ಕೆಯನ್ನಷ್ಟೇ ಕೆರೆದು ತೆಗೆಯಬೇಕು. ಏಳುವ ಹೊಟ್ಟು ಉಸಿರು ಬಿಟ್ಟರೆ ಹಾರುವಷ್ಟು ತೆಳು. ಮತ್ತೆ ಕಾಡಿಗೆ, ಮತ್ತೆ ಒತ್ತು, ಮತ್ತೆ ಚುಕ್ಕೆ. ಚುಕ್ಕೆಗಳು ಹೆಚ್ಚುತ್ತ ಹೋಗಿ, ಒಂದಕ್ಕೊಂದು ಕೂಡಿ, ಕೊನೆಗೆ ಗುಳಿಯ ತಳವೆಲ್ಲ ಒಂದೇ ಸಮ ಕಪ್ಪಾದಾಗ ಉಕ್ಕು ಮರದ ಮೇಲೆ ಪೂರ್ತಿ ಕೂತಿತೆಂದು ಅರ್ಥ.

ಒಂದು ಮಧ್ಯಾಹ್ನ ಪೂರ್ತಿ ಇಷ್ಟೇ ನಡೆಯಿತು. ಅವಸರವಿಲ್ಲ, ಮಾತೂ ಹೆಚ್ಚಿಲ್ಲ. ನಡುವೆ ಒಮ್ಮೆ ಉಳಿಯನ್ನು ನನ್ನ ಕೈಗೆ ಕೊಟ್ಟು, “ಇಲ್ಲಿ, ಈ ಮೂಲೇಲಿ. ತಳ್ಳಬೇಡಿ, ಉಳಿ ತಾನೇ ಹೋಗಲಿ” ಎಂದರು. ನಾರು ಅಲೆಯಾಗಿ ಬೆಳೆದ ಮರ ಅದು. ಒಂದು ಕಡೆಯಿಂದ ಕೆತ್ತಿದರೆ ಬೆಣ್ಣೆಯಾಗಿ ಬರುತ್ತದೆ, ಬೆರಳಗಲ ದಾಟಿದರೆ ಅದೇ ದಿಕ್ಕಿನಲ್ಲಿ ಸಿಬಿರು ಏಳುತ್ತದೆ. ಎಲ್ಲಿ ಉಳಿಯ ಮುಖ ತಿರುಗಿಸಬೇಕೆಂದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ಪಕ್ಕದಲ್ಲಿ ನಿಂತು ತಿದ್ದುವವರಿಲ್ಲದೆ ಇದು ಬರುವುದಿಲ್ಲ.

ಆ ತಿದ್ದುವವರೇ ಇಲ್ಲವಾಗಿದ್ದ ಕಾಲವೊಂದಿತ್ತು. 1807ರಲ್ಲಿ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ, ಏಟಿಗೆ ಸಿಡಿಯುವ ರಸಾಯನದಿಂದ ಮದ್ದು ಹೊತ್ತಿಸುವ ಕ್ರಮಕ್ಕೆ ಪೇಟೆಂಟ್ ಪಡೆದ. ಅದರ ಬೆನ್ನಿಗೆ ತಾಮ್ರದ ಕೇಪು ಬಂತು, ಚಕಮಕಿ ಮೂಲೆಗೆ ಸರಿಯಿತು. ಹಿಂದಿನಿಂದ ತೋಟೆ ತುಂಬುವ ಕಾರ್ಖಾನೆ ಕೋವಿಗಳು ಬಂದವು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಊರ ಕೋವಿ ಕಮ್ಮಾರನಿಗೆ ಉಳಿದದ್ದು ಬಹುಪಾಲು ರಿಪೇರಿ ಕೆಲಸ. ಗುಡ್ಡಗಾಡಿನ ಕೆಲವೇ ಮನೆಗಳಲ್ಲಿ ವಿದ್ಯೆ ಹೇಗೋ ಉಸಿರಾಡಿಕೊಂಡಿತ್ತು.

1933ರಲ್ಲಿ ಹಳೆ ಕೋವಿಯ ಆಸಕ್ತರು ಸೇರಿ ರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರಿನಲ್ಲಿ ಅದರ ಗುರಿ ಪಂದ್ಯಗಳು ಇಂದಿಗೂ ನಡೆಯುತ್ತವೆ. ಆದರೆ ಹೊಡೆಯುವುದು ಬೇರೆ, ಮಾಡುವುದು ಬೇರೆ. 1960ರ ದಶಕದಲ್ಲಿ ವರ್ಜೀನಿಯಾದ ವಿಲಿಯಮ್ಸ್‌ಬರ್ಗಿನಲ್ಲಿ, ಹದಿನೆಂಟನೆಯ ಶತಮಾನದ ಬದುಕನ್ನು ಮತ್ತೆ ಕಟ್ಟಿ ತೋರಿಸುವ ಆ ಪಟ್ಟಣದಲ್ಲಿ, ವಾಲೇಸ್ ಗಸ್ಲರ್ ಎಂಬ ಯುವಕ ಕೋವಿ ಕಮ್ಮಾರನಾಗಿ ಸೇರಿದ. ಹಳೆಯ ರೈಫಲ್ಲುಗಳನ್ನು ಬಿಚ್ಚಿ ನೋಡಿ, ಉಳಿಯ ಗುರುತು, ಅರದ ಗೆರೆ ಓದಿ, ಹಿಂದಿನವರ ಕೈ ಹೇಗೆ ನಡೆದಿತ್ತೆಂದು ಊಹಿಸಿ, ಹಾಗೇ ಮಾಡಲು ಕಲಿತ. ಕಬ್ಬಿಣದ ಪಟ್ಟಿಯಿಂದ ಹಿಡಿದು ಕೊನೆಯ ತಿರುಪಿನವರೆಗೆ ಇಡೀ ರೈಫಲ್ ಕೈಯಲ್ಲೇ ಆಗುವುದನ್ನು 1969ರ ‘ಗನ್‌ಸ್ಮಿತ್ ಆಫ್ ವಿಲಿಯಮ್ಸ್‌ಬರ್ಗ್’ ಸಾಕ್ಷ್ಯಚಿತ್ರದಲ್ಲಿ ಇವತ್ತೂ ನೋಡಬಹುದು.

ನನ್ನ ನೆರೆಯವರು ಆ ಚಿತ್ರವನ್ನು ಹುಡುಗನಾಗಿದ್ದಾಗ ನೋಡಿದವರು. ನನಗೂ ತೋರಿಸಿದರು. ಉದ್ದನೆಯ ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಕಾಸಿ, ಸರಳಿನ ಸುತ್ತ ಮಡಿಚಿ, ಎರಡು ಅಂಚು ಕೂಡಿಸಿ ಬೆಸೆಯುತ್ತಾರೆ. ಒಂದು ಸಲಕ್ಕೆ ಕೆಲವೇ ಅಂಗುಲ. ನಡುವೆ ಸರಳು ತೆಗೆಯದಿದ್ದರೆ ಅದೂ ಬೆಸೆದುಹೋಗುತ್ತದೆ. ಬಳಿಕ ಬೈರಿಗೆಯಿಂದ ಒಳಗು ಕೊರೆಯುವುದು, ಅರದಿಂದ ಎಂಟು ಮುಖ ತೀಡುವುದು. ಕೊನೆಗೆ ತೋಡು ಕೊರೆಯುವ ಮರದ ಯಂತ್ರ. ತಿರುಪಿನ ದಿಮ್ಮಿಯೊಂದನ್ನು ಎಳೆದು ತಳ್ಳಿದಂತೆ ಅದರ ತುದಿಯ ಕಿರಿಯ ಉಕ್ಕಿನ ಹಲ್ಲು ನಳಿಗೆಯೊಳಗೆ ತಿರುಗುತ್ತ ಸಾಗಿ, ಪ್ರತಿ ಸಲವೂ ಕಾಣದಷ್ಟು ಲೋಹ ಕೆರೆಯುತ್ತದೆ. ಇಂದಿನ ಹೆಚ್ಚಿನವರು ನಳಿಗೆ ಮತ್ತು ಬೀಗವನ್ನು ಅದನ್ನೇ ಮಾಡುವವರಿಂದ ಕೊಂಡು, ಉಳಿದ ಕೆಲಸವನ್ನು ತಾವು ಮಾಡುತ್ತಾರೆ. ಇವರೂ ಹಾಗೇ. ಅಷ್ಟಾದರೂ ಒಂದು ರೈಫಲ್ ನೂರಾರು ಗಂಟೆ ಬೇಡುತ್ತದೆ.

ಮಾರ್ಚಿನ ಒಂದು ಶನಿವಾರ ಅವರು ಬಣ್ಣ ಪರೀಕ್ಷಿಸಿದರು. ಕೋವಿಗಲ್ಲ, ಅದೇ ಹಲಗೆಯಿಂದ ಕತ್ತರಿಸಿಟ್ಟ ತುಂಡಿಗೆ. ಕಬ್ಬಿಣ ಕರಗಿಸಿದ ಆಮ್ಲದ ನೀರನ್ನು ಲಾಯದ ಹೊರಗೆ, ಗಾಳಿಗೆ ಬೆನ್ನು ಮಾಡಿ ನಿಂತು ಬಳಿದರು. ಮರ ಒಣಗಿ ಮಂಕು ಹಳದಿಯಾಯಿತು, ನೋಡಿದರೆ ಕೆಟ್ಟೇಹೋಯಿತೇನೋ ಅನ್ನಿಸುವ ಬಣ್ಣ. ಆಮೇಲೆ ಕೆಂಪಗೆ ಕಾಸಿದ ಕಬ್ಬಿಣದ ಗಟ್ಟಿಯನ್ನು ಮರಕ್ಕೆ ತಾಗಿಸದೆ, ಅರ್ಧ ಅಂಗುಲ ದೂರದಲ್ಲಿ ಮೆಲ್ಲನೆ ಸರಿಸುತ್ತ ಹೋದರು. ಶಾಖ ತಟ್ಟಿದಲ್ಲೆಲ್ಲ ಕಂದು ಬಣ್ಣ ಎದ್ದು, ಕೆಂಪಿಗೆ ತಿರುಗಿ, ಅದರೊಳಗಿಂದ ಅಡ್ಡಡ್ಡ ಪಟ್ಟೆಗಳು ಮೂಡಿಬಂದವು. ಅಗಸೆ ಎಣ್ಣೆಯ ಒಂದು ಹನಿ ಬೆರಳಲ್ಲಿ ತಿಕ್ಕಿದ್ದೇ ತಡ, ತುಂಡನ್ನು ಓರೆ ಮಾಡಿದಾಗಲೆಲ್ಲ ಪಟ್ಟೆಗಳು ಜಾಗ ಬದಲಿಸತೊಡಗಿದವು. ಹುಲಿಪಟ್ಟೆ ಮೇಪಲ್ ಎಂದೇ ಇದಕ್ಕೆ ಇಲ್ಲಿನ ಹೆಸರು.

ಹೊಡೆಯುವುದನ್ನೂ ಕಂಡೆ, ಅವರು ಹಿಂದೆ ಮಾಡಿ ಮುಗಿಸಿದ್ದ ಇನ್ನೊಂದು ಕೋವಿಯಿಂದ. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಮುಗಿದ ಮೇಲೆ ಚಕಮಕಿ ಕೋವಿಗಷ್ಟೇ ಮೀಸಲಾದ ಜಿಂಕೆ ಬೇಟೆಯ ಕಾಲವೊಂದಿದೆ. ಚಕಮಕಿ ಬೇಟೆಗೆ ಇಲ್ಲಿ ಅವಕಾಶ ಶುರುವಾದದ್ದು 1974ರಲ್ಲಿ. ಕೇಪಿಗೂ ಅವಕಾಶವಿಲ್ಲ. ಅದಕ್ಕೆ ಕೈ ಪಳಗಿಸಲು ಊರಾಚೆಯ ಗುರಿ ಮೈದಾನಕ್ಕೆ ಹೋಗುತ್ತಾರೆ. ಕೊಂಬಿನಿಂದ ಅಳತೆಯ ಕೊಳವೆಗೆ ಕರಿಮದ್ದು, ಅಲ್ಲಿಂದ ನಳಿಗೆಗೆ. ಬಟ್ಟೆ, ಗುಂಡು, ಗಜ. ಗಜದ ಮೇಲೆ ಒಂದು ಗೆರೆಯಿದೆ. ಗುಂಡು ಮದ್ದಿನ ಮೇಲೆ ಸರಿಯಾಗಿ ಕೂತಿದ್ದರೆ ಆ ಗೆರೆ ನಳಿಗೆಯ ಬಾಯಿಗೆ ಸಮನಾಗುತ್ತದೆ. ನಡುವೆ ಖಾಲಿ ಉಳಿದರೆ ನಳಿಗೆಯೇ ಸೀಳಬಹುದು. ಈ ಕಾಲದ ಹೊಗೆರಹಿತ ಮದ್ದು ಅಪ್ಪಿತಪ್ಪಿಯೂ ಇಂಥ ಕೋವಿಯ ಹತ್ತಿರ ಸುಳಿಯಬಾರದು. ಗುರಿ ಹಿಡಿದು ಮೀಟಿದಾಗ ಕಣ್ಣೆದುರೇ ಕಿಡಿ, ಬಟ್ಟಲಿನ ಜ್ವಾಲೆ, ಕೂಡಲೇ ಗುಡುಗು. ಬಿಳಿ ಹೊಗೆ ಮೈದಾನ ಮುಚ್ಚಿ, ಗಂಧಕದ ನಾತ ಮೂಗಿಗೆ ಬಡಿಯಿತು. ಕಣ್ಣೆದುರಿನ ಆ ಉರಿಗೆ ಬೆಚ್ಚದೆ, ಗುಂಡು ಹೊರಬೀಳುವ ತನಕ ಗುರಿ ಅಲುಗಿಸದೆ ನಿಲ್ಲುವುದೇ ಚಕಮಕಿ ಕೋವಿಯ ಅಭ್ಯಾಸ.

ಮನೆಗೆ ಬಂದವರೇ ಮೊದಲು ಮಾಡಿದ ಕೆಲಸ ನಳಿಗೆಗೆ ಬಿಸಿನೀರು ಹುಯ್ದು ತೊಳೆದದ್ದು. ಕರಿಮದ್ದಿನ ಕಿಟ್ಟ ಗಾಳಿಯ ತೇವ ಹೀರಿ ರಾತ್ರಿ ಕಳೆಯುವುದರೊಳಗೆ ಉಕ್ಕನ್ನು ತಿನ್ನತೊಡಗುತ್ತದೆ. ತೊಳೆದು, ಒರೆಸಿ, ಎಣ್ಣೆ ಹಚ್ಚಿ ಗೋಡೆಗೆ ತೂಗಿದ ಮೇಲೆಯೇ ಊಟ.

ಬೆಂಚಿನ ಮೇಲಿನ ಕೋವಿಯ ನಳಿಗೆಯಲ್ಲಿ, ಮೇಲ್ಮುಖದಲ್ಲಿ ಒಂದಿಷ್ಟು ಜಾಗ ಖಾಲಿಯಿದೆ. ಮಾಡಿದವನ ಹೆಸರು ಕೆತ್ತುವ ಜಾಗ ಅದು. ಈ ಸೀಮೆಯ ಹಳಬರಲ್ಲಿ ಹಲವರು ಅಲ್ಲೇ ಕೆತ್ತಿದವರು. ಪೆನ್ಸಿಲ್ವೇನಿಯಾದ ನಾಜರೆತ್ ಸಮೀಪದ ಕ್ರಿಶ್ಚಿಯನ್ಸ್ ಸ್ಪ್ರಿಂಗ್‌ನಲ್ಲಿ ಮೊರೇವಿಯನ್ ಎಂಬ ಕ್ರೈಸ್ತ ಪಂಥದ ಕ್ರಿಶ್ಚಿಯನ್ ಓರ್ಟರ್ 1775ರಲ್ಲಿ ಮಾಡಿದ ರೈಫಲ್ ಒಂದು 1971ರಲ್ಲಿ ವ್ಯಾಲಿ ಫೋರ್ಜಿನಿಂದ ಕಳುವಾಗಿತ್ತು. 2018ರಲ್ಲಿ ಅದು ಪತ್ತೆಯಾಗಿ, ಬಳಿಕ ಫಿಲಡೆಲ್ಫಿಯಾದ ಅಮೆರಿಕನ್ ಕ್ರಾಂತಿ ಮ್ಯೂಸಿಯಂನಲ್ಲಿ ಜನರ ಮುಂದೆ ಬಂತು. ಎಷ್ಟೋ ವರ್ಷ ಕಣ್ಮರೆಯಾಗಿದ್ದರೂ ಅದನ್ನು ಯಾರು ಮಾಡಿದರು, ಯಾವಾಗ ಮಾಡಿದರು ಎಂಬುದಕ್ಕೆ ಕೋವಿಯೇ ಸಾಕ್ಷಿಯಾಯಿತು.

ಇದನ್ನು ಕೇಳಿದಾಗ ನನ್ನ ಮನಸ್ಸು ಊರಿಗೆ ಹೋಯಿತು. ನಮ್ಮ ತಾಲ್ಲೂಕಿನದೇ ನಗರ ಎಂಬ ಊರಿನ ಬಾವಿಯೊಂದರಲ್ಲಿ 2018ರಲ್ಲೇ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವು. ಶ್ರೀರಂಗಪಟ್ಟಣದ ಕಮ್ಮಟಗಳಲ್ಲಿ ಹುಲಿಪಟ್ಟೆ, ಹುಲಿಮುಖ ಬಿಡಿಸಿ ಮಾಡಿದ ಚಕಮಕಿ ಕೋವಿಗಳು 1799ರಲ್ಲಿ ಟಿಪ್ಪು ಮಡಿದ ನಂತರ ಕಡಲು ದಾಟಿ ಪರದೇಶದ ಮ್ಯೂಸಿಯಂಗಳಲ್ಲಿವೆ. ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಮನೆಯ ಕೋವಿಗೆ ತೋಕ್ ಪೂ ಸಿಕ್ಕಿಸಿ ಇಂದಿಗೂ ಪೂಜಿಸುತ್ತಾರೆ. ವಸ್ತುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಅವುಗಳನ್ನು ಮಾಡಿದ ಕೈಗಳ ಕಥೆಯನ್ನು ನಾವು ಸಾಕಷ್ಟು ಕೇಳಿಲ್ಲ, ಸಾಕಷ್ಟು ಬರೆದಿಟ್ಟಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ವಸ್ತು ಉಳಿಯಬಹುದು. ವಿದ್ಯೆ ಉಳಿಯಬೇಕಾದರೆ ಒಂದು ಕೈ ಇನ್ನೊಂದು ಕೈಗೆ ಉಳಿ ಕೊಡಬೇಕು. ಅಮೆರಿಕದಲ್ಲಿ ಬಹುಮಟ್ಟಿಗೆ ಕಡಿದುಹೋಗಿದ್ದ ಕೊಂಡಿಯನ್ನು ಕೆಲವರು ಹಳೆಯ ಕೋವಿಗಳನ್ನೇ ಗುರುವಾಗಿಟ್ಟುಕೊಂಡು ಮತ್ತೆ ಬೆಸೆದರು. ಹಾಗಾಗಿ ಇದು ಆಗದ ಮಾತಲ್ಲ.

ನಮ್ಮಲ್ಲಿ ಪರವಾನಗಿಯಿಲ್ಲದೆ ಕೋವಿ ಮಾಡುವುದು ಅಪರಾಧ, ಅದು ಹಾಗೇ ಇರಲಿ. ಆದರೆ ಕೇಳುವುದಕ್ಕೆ, ಬರೆದಿಡುವುದಕ್ಕೆ ಯಾವ ಪರವಾನಗಿಯೂ ಬೇಡ. ಮಲೆನಾಡಿನಲ್ಲೋ ಕೊಡಗಿನಲ್ಲೋ ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿಯಿದ್ದರೆ, ಮೊದಲು ತಿಳಿದವರಿಂದ ಅದು ಖಾಲಿಯಿದೆಯೆಂದು ಖಾತ್ರಿ ಮಾಡಿಸಿಕೊಳ್ಳಿ. ಹೊಳಪು ಬರಲೆಂದು ಮರಳು ಕಾಗದ ಹಾಕಿ ಉಜ್ಜಬೇಡಿ, ಅಚ್ಚು ಗುರುತುಗಳು ಅಳಿದುಹೋಗುತ್ತವೆ. ನಳಿಗೆಯ ಮೇಲೆ, ಬೀಗದ ತಟ್ಟೆಯ ಮೇಲೆ ಏನು ಬರೆದಿದೆ ನೋಡಿ, ಫೋಟೊ ತೆಗೆದಿಡಿ. ಅದನ್ನು ಯಾರು ರಿಪೇರಿ ಮಾಡುತ್ತಿದ್ದರು, ಹಿಡಿಗೆ ಯಾವ ಮರ ಹಾಕುತ್ತಿದ್ದರು ಎಂದು ಮನೆಯ ಹಿರಿಯರನ್ನು, ಊರ ಆಚಾರಿಯನ್ನು ಕೇಳಿ ಬರೆದುಕೊಳ್ಳಿ. ಮುಂದಿನ ರಜೆಗೆ ಊರಿಗೆ ಹೋದಾಗ ನಾನು ಮಾಡಲಿರುವ ಮೊದಲ ಕೆಲಸವೂ ಇದೇ.